ಕೈರುಚಿ ಇರೋನನ್ನೇ ಬಿಟ್ಟರಲ್ಲ, ಯಾಕೆ?

‘ಮೇಡಂ, ಅಷ್ಟು ಚೆನ್ನಾಗಿ ಅಡುಗೆ ಮಾಡೋ ಹುಡುಗನನ್ನು ಬಿಟ್ಟು ಬೇರೆಯವರನ್ನು ತಗೊಂಡರಲ್ಲ, ಯಾಕೆ?’

ರಾಷ್ಟ್ರಮಟ್ಟದ ಶೆಫ್ ಸ್ಪರ್ಧೆ ಮುಗಿದು, ವಿದೇಶಕ್ಕೆ ಹೋಗುವ ತಂಡದ ಹೆಸರು ಹೊರಬಿದ್ದಾಗಲೆಲ್ಲ ಈ ಪ್ರಶ್ನೆ ಬರುತ್ತದೆ. ನಾನು ಬೆಂಗಳೂರಿನ ಒಂದು ಹೋಟೆಲ್ ಮ್ಯಾನೇಜ್‌ಮೆಂಟ್ ಕಾಲೇಜಿನಲ್ಲಿ ಅಡುಗೆ ಕಲಿಸುತ್ತೇನೆ, ಮಕ್ಕಳನ್ನು ಇಂಥ ಆಯ್ಕೆಗೆ ತಯಾರು ಮಾಡುತ್ತೇನೆ. ಹಾಗಾಗಿ ಅಪ್ಪ ಅಮ್ಮಂದಿರು ನನ್ನನ್ನೇ ಹಿಡಿದು ಕೇಳುತ್ತಾರೆ.

ರುಚಿ ಬೇಕೇ ಬೇಕು. ಆದರೆ ಆರಿಸುವವರಿಗೆ ಇವತ್ತಿನ ತಟ್ಟೆ ಒಂದೇ ಸಾಲದು. ಗುರುತು ಪರಿಚಯ ಇಲ್ಲದ ಅಡುಗೆಮನೆಯಲ್ಲೂ ಇದೇ ತಟ್ಟೆ ಇವರ ಕೈಯಿಂದ ಹೀಗೇ ಬರುತ್ತದಾ ಅಂತ ನೋಡಬೇಕಲ್ವಾ?

ಫ್ರಾನ್ಸ್‌ನ ಲಿಯೋನ್‌ನಲ್ಲಿ ಎರಡು ವರ್ಷಕ್ಕೊಮ್ಮೆ ಬೊಕ್ಯೂಸ್ ದೋರ್ ಅನ್ನುವ ಅಂತರರಾಷ್ಟ್ರೀಯ ಶೆಫ್ ಸ್ಪರ್ಧೆ ನಡೆಯುತ್ತದೆ. 1987ರಲ್ಲಿ ಫ್ರೆಂಚ್ ಶೆಫ್ ಪಾಲ್ ಬೊಕ್ಯೂಸ್ ಶುರು ಮಾಡಿದ್ದು. ಒಬ್ಬ ಶೆಫ್, ಚಿಕ್ಕ ವಯಸ್ಸಿನ ಒಬ್ಬ ಸಹಾಯಕ, ಪಕ್ಕದಲ್ಲಿ ನಿಂತು ಹೇಳಿಕೊಡುವ ಕೋಚ್. ಸಿಗುವುದು ಸುಮಾರು ಐದೂವರೆ ಗಂಟೆ. ಎದುರಿಗೆ ಜನ ಗಂಟೆ, ಕಹಳೆ ಹಿಡಿದು ಕೂಗುತ್ತಿರುತ್ತಾರೆ. ಅಲ್ಲಿ ಪದಾರ್ಥಗಳೂ ಬೇರೆ. ನಮ್ಮ ಪ್ಯಾಕೆಟ್ ಫ್ರೆಶ್ ಕ್ರೀಮ್‌ನಲ್ಲಿ ಕೊಬ್ಬು ಶೇ. 25ರಷ್ಟು, ಅಲ್ಲಿನದರಲ್ಲಿ ಶೇ. 30ರಿಂದ 35. ಕುದಿಯುವ ನೀರು ಕೂಡ ಬೇರೆ! ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಲಿಯೋನ್ ಎಷ್ಟೋ ತಗ್ಗು, ಅಲ್ಲಿ ನೂರರ ಹತ್ತಿರ. ಇಲ್ಲಿ ಗಡಿಯಾರ ನೋಡಿ ಬೇಯಿಸಿದ ಮೊಟ್ಟೆ ಅಲ್ಲಿ ಅಷ್ಟೇ ಹೊತ್ತಿಗೆ ಇನ್ನಷ್ಟು ಗಟ್ಟಿಯಾಗುತ್ತದೆ.

ಹಿಂದೊಂದು ಆಯ್ಕೆಗೆ ನನ್ನ ಇಬ್ಬರು ವಿದ್ಯಾರ್ಥಿಗಳು ಹೋಗಿದ್ದರು. ಹುಡುಗನ ಸಾಸ್‌ನ ರುಚಿ ಇನ್ನೂ ನನ್ನ ನಾಲಿಗೆ ಮೇಲಿದೆ. ಆದರೆ ಅವನು ಹಸಿ ಕೋಳಿ ಕತ್ತರಿಸಿದ ಹಲಗೆ ಒರೆಸಿದ ಬಟ್ಟೆಯಲ್ಲೇ ತಟ್ಟೆಯ ಅಂಚನ್ನೂ ಒರೆಸಿದ. ಕಸದ ಡಬ್ಬಿಯಲ್ಲಿ ಅರ್ಧಕ್ಕರ್ಧ ಕ್ಯಾರೆಟ್ ಬಿದ್ದಿತ್ತು. ತೀರ್ಪುಗಾರರು ಡಬ್ಬಿಯನ್ನೂ ಬಗ್ಗಿ ನೋಡುತ್ತಾರೆ.

ಹುಡುಗಿಗೆ ಕೊನೆಗಳಿಗೆಯಲ್ಲಿ, ಮೊಟ್ಟೆಯ ಹಳದಿಗೆ ಬೆಣ್ಣೆ ಕಡೆದು ಮಾಡುವ ಹಾಲಂಡೈಸ್ ಸಾಸ್ ಒಡೆಯಿತು. ಬೆಣ್ಣೆ ಬೇರೆ, ಮೊಟ್ಟೆ ಬೇರೆ. ನನ್ನ ಎದೆ ಧಸಕ್ಕೆಂದಿತು. ಅವಳು ಇನ್ನೊಂದು ಬಟ್ಟಲು ತೆಗೆದುಕೊಂಡು ಒಂದು ಚಮಚ ಬಿಸಿನೀರು ಹಾಕಿದಳು. ಒಡೆದ ಸಾಸನ್ನು ಅದಕ್ಕೆ ಸ್ವಲ್ಪ ಸ್ವಲ್ಪವೇ ಬಿಡುತ್ತಾ, ಕೈ ನಿಲ್ಲಿಸದೆ ಕಡೆದಳು. ತಲೆ ಎತ್ತದೆಯೇ ಜೊತೆಗಿದ್ದವನಿಗೆ, ‘ತಟ್ಟೆ ಬಿಸಿಯಲ್ಲೇ ಇರ್ಲಿ, ಎರಡು ನಿಮಿಷ’ ಅಂದಳು. ಧ್ವನಿ ಏರಲಿಲ್ಲ. ಸಾಸ್ ಕೂಡಿಕೊಂಡಿತು. ತಂಡಕ್ಕೆ ಅವಳೇ ಆಯ್ಕೆಯಾದಳು. ನನ್ನ ಕೈಗೆ ಬಿಟ್ಟಿದ್ದರೂ ಅವಳನ್ನೇ ಆರಿಸುತ್ತಿದ್ದೆ.

ಹುಡುಗ ಒಂದು ವಾರ ಕಾಲೇಜಿಗೆ ಬರಲಿಲ್ಲ. ಅವನ ಮನೆಗೆ ಹೋದೆ. ಡೆನ್ಮಾರ್ಕಿನ ರಾಸ್ಮುಸ್ ಕೋಫೊಡ್ ಅದೇ ಬೊಕ್ಯೂಸ್ ದೋರ್‌ನಲ್ಲಿ 2005ರಲ್ಲಿ ಕಂಚು, 2007ರಲ್ಲಿ ಬೆಳ್ಳಿ ಗೆದ್ದು, ಮತ್ತೆ ಬಂದು 2011ರಲ್ಲಿ ಚಿನ್ನ ತಗೊಂಡಿದ್ದನ್ನು ಹೇಳಿದೆ. ಅವನು ಸುಮ್ನೆ ಕೇಳಿಸಿಕೊಂಡ. ಅವರಮ್ಮ ಕಾಫಿ ಕೊಟ್ಟರು.

ಈಗ ಬೆಳಿಗ್ಗೆ ಆರಕ್ಕೇ ಬಂದು ಅಭ್ಯಾಸ ಮಾಡುತ್ತಾನೆ. ಕ್ಯಾರೆಟ್ ಸಿಪ್ಪೆಯನ್ನು ತಕ್ಕಡಿಗೆ ಹಾಕಿ ಬರೆದಿಡುತ್ತಾನೆ. ಮೇಜಿನ ಮೇಲೆ ಎರಡು ಬಟ್ಟೆ ಇರುತ್ತವೆ: ನೀಲಿಯದು ಹಲಗೆಗೆ, ಬಿಳಿಯದು ತಟ್ಟೆಗೆ.