ಜಗಳಕ್ಕೊಂದು ಜಾಗ

ಒಸಾಕಾದಲ್ಲಿ ಒಂದು ಮಧ್ಯಾಹ್ನ ನಾನೂ ಇವರೂ ಜಗಳ ಆಡೋಕೆ ಜಾಗ ಸಿಗದೆ ನಾಲ್ಕು ಗಂಟೆ ಅಲೆದಿದ್ದೇವೆ. ಮೈಸೂರಿನಲ್ಲಾದರೆ ಈ ತಾಪತ್ರಯವೇ ಇಲ್ಲ. ಆಟೋದಲ್ಲಿ ಕೂತು ಆಡಬಹುದು. ಡ್ರೈವರ್ ಕನ್ನಡಿಯಲ್ಲಿ ನೋಡುತ್ತಾ ಒಂದು ಮಾತು ಸೇರಿಸಿ, ಇಳಿಯುವಷ್ಟರಲ್ಲಿ ತೀರ್ಪನ್ನೂ ಕೊಟ್ಟಿರುತ್ತಾನೆ. ಜಪಾನಿನಲ್ಲಿ ಸಿಟ್ಟು ಬಂದರೆ ಎಲ್ಲಿಗೆ ಹೋಗಬೇಕು ಅನ್ನೋದನ್ನ ನಮಗೆ ಯಾರೂ ಹೇಳಿರಲಿಲ್ಲ.

ಅದಕ್ಕೆ ಮೊದಲು ನಾಲ್ಕು ದಿನ ಟೋಕಿಯೋದಲ್ಲಿದ್ದೆವು. ನವೆಂಬರ್ ಕೊನೆ. ಇವರು ಬ್ಯಾಂಕಿನಲ್ಲಿ 34 ವರ್ಷ ದುಡಿದವರು. ಸಾಲು ನೆಟ್ಟಗಿದ್ದು, ಚಿಲ್ಲರೆ ಸರಿಯಾಗಿ ಸಿಕ್ಕರೆ ಅವರಿಗೆ ಅದೇ ಸ್ವರ್ಗ. ಅಲ್ಲಿ ಅಂಗಡಿಯವರ ಕೈಗೆ ದುಡ್ಡು ಕೊಡುವ ಹಾಗಿಲ್ಲ, ಒಂದು ಪುಟ್ಟ ತಟ್ಟೆಯಲ್ಲಿ ಇಡಬೇಕು. ಅವರು ಚಿಲ್ಲರೆಯನ್ನು ನಮ್ಮ ಕಣ್ಣೆದುರೇ ಎಣಿಸಿ, ಎರಡೂ ಕೈಯಲ್ಲಿ ಕೊಟ್ಟು, ತಲೆ ಬಾಗಿಸುತ್ತಾರೆ. ಅದನ್ನು ಇನ್ನೊಂದು ಸಲ ನೋಡೋಕೆ ಅಂತಲೇ ಇವರು ಬೇಡದ ನೀರಿನ ಬಾಟಲಿ ಕೊಂಡದ್ದೂ ಉಂಟು.

ನನಗೆ ಮೊದಲ ದಿನ ಖುಷಿ, ಎರಡನೇ ದಿನ ಆಶ್ಚರ್ಯ, ಮೂರನೇ ದಿನ ಗಂಟಲು ಕಟ್ಟಿದ ಹಾಗೆ. ರೈಲಿನ ತುಂಬಾ ಜನ, ಒಂದು ಪಿಸುಮಾತಿಲ್ಲ. ಯಾವ ಊರು, ಮಕ್ಕಳೆಷ್ಟು ಅಂತ ಒಬ್ಬರೂ ಕೇಳಲಿಲ್ಲ. ಕೇಳಬಾರದು, ಅದು ಸಭ್ಯತೆ ಅಂತ ನನಗೂ ಗೊತ್ತು. ಆದರೂ ನಾಲ್ಕು ದಿನ ಯಾರೂ ಏನೂ ಕೇಳದಿದ್ದರೆ ನಾನಿಲ್ಲಿ ಇದ್ದೀನೋ ಇಲ್ವೋ ಅಂತಲೇ ಅನುಮಾನ ಬರುತ್ತೆ.

ಅಲ್ಲಿ ನನ್ನನ್ನು ಕಾಪಾಡಿದ್ದು ಸಾರು. ಬೆಳಿಗ್ಗೆ ಮಿಸೋ ಸಾರು, ಅಂದರೆ ಹುದುಗಿಸಿದ ಸೋಯಾ ಕಾಳಿನ ಸಾರು, ಮಧ್ಯಾಹ್ನ ಊದೋನ್. ಊದೋನ್ ಅಂದರೆ ಬಿಸಿ ಸಾರಿನಲ್ಲಿ ಮುಳುಗಿಸಿದ ದಪ್ಪ ಗೋಧಿ ಶಾವಿಗೆ. ನಾವಿಬ್ಬರೂ ಹುಟ್ಟಾ ಸಸ್ಯಾಹಾರಿಗಳು. ಇವರು "ನಿಕು ನಾಶಿ", ಅಂದರೆ ಮಾಂಸ ಬೇಡ, ಅಂತ ಬರೆದ ಚೀಟಿ ತೋರಿಸುತ್ತಿದ್ದರು. ಹೋಟೆಲಿನವರು ತಲೆ ಆಡಿಸುತ್ತಿದ್ದರು. ನಾನು ಬಟ್ಟಲೆತ್ತಿ ಕೊನೆಯ ಹನಿಯವರೆಗೂ ಕುಡಿಯುತ್ತಿದ್ದೆ. ತಂಗಿಗೆ ವಾಟ್ಸಾಪ್‌ನಲ್ಲಿ ವಾಯ್ಸ್ ಮೆಸೇಜ್ ಕೂಡ ಕಳಿಸಿದ್ದೆ: "ಸಾಸಿವೆ ಇಲ್ಲ, ಇಂಗಿಲ್ಲ, ಒಗ್ಗರಣೆನೇ ಇಲ್ಲ ಕಣೇ. ಆದರೂ ಏನು ರುಚಿ ಅಂತೀಯ!"

ಶಿಂಕಾನ್ಸೆನ್ ರೈಲು ಎರಡೂವರೆ ಗಂಟೆಯಲ್ಲಿ ನಮ್ಮನ್ನು ಒಸಾಕಾಕ್ಕೆ ತಂದು ಹಾಕಿತು. ಇಳಿದ ಕೂಡಲೇ ಇವರಿಗೊಂದು ಪೆಟ್ಟು ಬಿತ್ತು. ಟೋಕಿಯೋದಲ್ಲಿ ಎಸ್ಕಲೇಟರ್ ಮೇಲೆ ಎಲ್ಲರೂ ಎಡಕ್ಕೆ ನಿಂತು, ಅವಸರ ಇರುವವರಿಗೆ ಬಲಗಡೆ ಬಿಡುತ್ತಾರೆ. ಇವರು ಅದನ್ನು ಕಲಿತು, ನಾಲ್ಕು ದಿನ ನನ್ನ ತೋಳು ಹಿಡಿದು ಎಡಕ್ಕೆ ಎಳೆಯುತ್ತಿದ್ದರು. ಒಸಾಕಾದಲ್ಲಿ ಎಲ್ಲರೂ ಬಲಕ್ಕೆ ನಿಲ್ಲುತ್ತಾರೆ! ಇವರು ಸೂಟ್‌ಕೇಸ್ ಸಮೇತ ಎಡಕ್ಕೆ ನಿಂತು ಹಿಂದಿನವರ ದಾರಿಯನ್ನೆಲ್ಲ ಕಟ್ಟಿಬಿಟ್ಟರು. "ಒಂದೇ ದೇಶ, ಎರಡು ರೂಲ್ಸಾ?" ಅಂತ ಬಹಳ ಹೊತ್ತು ಗೊಣಗುತ್ತಿದ್ದರು. ನನಗೆ ಆ ಊರು ಆ ಕ್ಷಣವೇ ಹಿಡಿಸಿತು.

ಮರುದಿನ ಬೆಳಿಗ್ಗೆ ಒಸಾಕಾ ಕೋಟೆಗೆ ಹೋದೆವು. ದೂರದಿಂದ ಹಸಿರು ಚಾವಣಿ, ಬಿಳಿ ಗೋಡೆ, ಚಿನ್ನದ ಬಣ್ಣದ ಅಲಂಕಾರ. ಇವರು ಕ್ಯಾಮೆರಾ ತೆಗೆದರು. ಒಳಗೆ ಹೋದರೆ ಲಿಫ್ಟ್! ಟೊಯೊಟೊಮಿ ಹಿದೆಯೋಶಿ ಅನ್ನುವ ದಂಡನಾಯಕ 1583ರಲ್ಲಿ ಕಟ್ಟಲು ಶುರು ಮಾಡಿದ ಕೋಟೆ ಯುದ್ಧದಲ್ಲಿ ಸುಟ್ಟಿತು. ಆಮೇಲೆ ಬಂದವರು ಕಟ್ಟಿದ ಗೋಪುರಕ್ಕೆ 1665ರಲ್ಲಿ ಸಿಡಿಲು ಬಡಿಯಿತು. ಈಗ ನಿಂತಿರೋದು 1931ರಲ್ಲಿ ಊರಿನವರ ಚಂದಾ ದುಡ್ಡಿನಲ್ಲಿ ಎಬ್ಬಿಸಿದ ಕಾಂಕ್ರೀಟ್ ಗೋಪುರ. ಇವರ ಮುಖ ಸಪ್ಪೆಯಾಯಿತು. "ಒರಿಜಿನಲ್ ಅಲ್ವಂತೆ" ಅಂದರು, ಖೋಟಾ ನೋಟು ಸಿಕ್ಕವರ ಹಾಗೆ. ನಮ್ಮ ಮೈಸೂರು ಅರಮನೆಯೂ 1897ರಲ್ಲಿ ಸುಟ್ಟುಹೋಗಿ 1912ರಲ್ಲಿ ಮತ್ತೆ ಎದ್ದದ್ದೇ ಅಲ್ವಾ? ಅದರ ಮುಂದೆ ನಿಂತು ನೆಂಟರಿಗೆಲ್ಲ ಭಾಷಣ ಮಾಡುವವರು ಇವರೇ. ನನಗಂತೂ ಮಂಡಿ ನೋವು, ಐದನೇ ಮಹಡಿಯವರೆಗೆ ಲಿಫ್ಟ್ ಇಟ್ಟ ಪುಣ್ಯಾತ್ಮರಿಗೆ ಅಲ್ಲೇ ಕೈ ಮುಗಿದೆ. ಆದರೆ ಕೋಟೆಯ ಬಾಗಿಲ ಹತ್ತಿರದ ಕಲ್ಲು ಮಾತ್ರ ಹಳೆಯದೇ. ಒಂದೇ ಬಂಡೆ, ಸುಮಾರು 108 ಟನ್ ತೂಕವಂತೆ. ಇವರು ಅದನ್ನು ಮುಟ್ಟಿ ನೋಡಿ ಸ್ವಲ್ಪ ಸಮಾಧಾನ ಮಾಡಿಕೊಂಡರು.

ಎಡವಟ್ಟಾಗಿದ್ದು ಊಟದ ಹೊತ್ತಿಗೆ.

ಕೋಟೆಯಿಂದ ಸ್ವಲ್ಪ ದೂರದಲ್ಲಿ ಎಂಟು ಜನ ಕೂರುವಷ್ಟೇ ಜಾಗದ ಊದೋನ್ ಅಂಗಡಿ. ಸಾರು ಎಂದಿಗಿಂತ ತಿಳಿಯಾಗಿತ್ತು, ರುಚಿಯೂ ಜಾಸ್ತಿ. ಕುಡಿದು ಮುಗಿಸಿ, ಈ ರುಚಿ ಎಲ್ಲಿಂದ ಬರುತ್ತೆ ಅಂತ ಫೋನಿನಲ್ಲಿ ಜಪಾನಿಗೆ ತರ್ಜುಮೆ ಮಾಡಿ ಅಡುಗೆಯವರಿಗೆ ತೋರಿಸಿದೆ. ವಯಸ್ಸಾದವರು. ಓದಿ ಮುಖ ಅರಳಿತು. ಒಳಗೆ ಹೋಗಿ ಒಂದು ಕೊರಡು ತಂದು ನನ್ನ ಅಂಗೈ ಮೇಲಿಟ್ಟರು. ಕಂದು ಬಣ್ಣ, ಒಂದು ಗೇಣುದ್ದ, ಮರದಷ್ಟೇ ಗಟ್ಟಿ. ಮೈಸೂರಿನವಳು ನಾನು, ದೇವರ ಮನೆಯ ಗಂಧದ ಕೊರಡೇ ನೆನಪಾಯಿತು. ಉಗುರಿನಿಂದ ಬಡಿದರೆ ಟಕ್ ಟಕ್ ಅಂತು. ಮೂಗಿಗೆ ಹಿಡಿದೆ. ಮೊದಲು ಸೌದೆ ಒಲೆಯ ಹೊಗೆ. ಅದರ ಹಿಂದೆ ಇನ್ನೇನೋ.

ಅವರು ಎರಡು ಅಂಗೈ ಜೋಡಿಸಿ, ಈಜುವ ಹಾಗೆ ಆಡಿಸಿ ತೋರಿಸಿದರು.

ಮೀನು! ಕತ್ಸುಒಬುಶಿ ಅಂತ ಅದರ ಹೆಸರು. ಮೀನನ್ನು ಬೇಯಿಸಿ, ವಾರಗಟ್ಟಲೆ ಹೊಗೆ ಹಾಕಿ ಒಣಗಿಸಿ, ಮರದ ಹಾಗೆ ಮಾಡಿ, ಕೀಸುಳಿಯಲ್ಲಿ ಹೆರೆದ ಹಾಗೆ ಹೆರೆಯುತ್ತಾರೆ. ಅದನ್ನು ಬಿಸಿ ನೀರಿಗೆ ಹಾಕಿ ಸೋಸಿದರೆ ಅಲ್ಲಿನ ಅಡುಗೆಯ ತಾಯಿಬೇರು, ದಾಶಿ. ಮಿಸೋ ಸಾರಿಗೂ ಅದೇ, ಊದೋನಿಗೂ ಅದೇ. ಮಾಂಸ ಬೇಡ ಅಂದರೆ ಅವರು ಮಾಂಸ ಹಾಕುವುದಿಲ್ಲ ಅಷ್ಟೇ. ಮೀನು ಅವರ ಪ್ರಕಾರ ಆ ಲೆಕ್ಕಕ್ಕೆ ಬರೋದಿಲ್ಲ. ಆ ಹಿರಿಯರು ನನಗೆ ಮೋಸ ಮಾಡಲಿಲ್ಲ. ತಮ್ಮ ಅಡುಗೆಮನೆಯಲ್ಲಿದ್ದ ಒಳ್ಳೆಯ ವಸ್ತುವನ್ನು ಪ್ರೀತಿಯಿಂದ ತಂದು ತೋರಿಸಿದರು.

ಆ ಹೊತ್ತಿಗೆ ಸರಿಯಾಗಿ ಪಕ್ಕದಿಂದ ಇವರು ಅಂದರು: "ಓ, ಮಗ ಹೇಳಿದ್ದು ಇದೇನಾ!"

ನಾನು ಕೊರಡನ್ನು ಎರಡೂ ಕೈಯಲ್ಲಿ ವಾಪಸ್ ಕೊಟ್ಟೆ, ಅಲ್ಲಿನ ಪದ್ಧತಿ ಹಾಗೆ. ತಲೆ ಬಾಗಿಸಿದೆ. ಹೊರಗೆ ಬಂದೆ.

ಹೊರಡುವ ಮೊದಲೇ ಮಗ ಇವರಿಗೆ ಮೆಸೇಜ್ ಹಾಕಿ, ಸಾರಿನಲ್ಲಿ ಮೀನಿರುತ್ತೆ, ಅಮ್ಮನಿಗೆ ಹೇಳಿ ಅಂದಿದ್ದನಂತೆ. ಇವರು ಹೇಳಿಲ್ಲ. ಐದು ದಿನ ನಾನು ಬಟ್ಟಲೆತ್ತಿ ಕುಡಿಯೋದನ್ನ ಎದುರಿಗೆ ಕೂತು ನೋಡಿದ್ದಾರೆ.

ರಸ್ತೆಯಲ್ಲಿ ಒಂದು ಹಾರ್ನ್ ಸದ್ದಿಲ್ಲ. ಅಲ್ಲಿ ದನಿ ಎತ್ತಿದರೆ ಓಣಿಗೆಲ್ಲ ಕೇಳಿಸುತ್ತೆ. ಸ್ಟೇಷನ್ನಿಗೆ ಬಂದೆವು, ಅಲ್ಲೂ ಅಷ್ಟೇ. ಹೊಮ್ಮಾಚಿಯಲ್ಲಿ ಇಳಿದು ಮಿದೊಸುಜಿ ಲೈನಿಗೆ ಬದಲಾಯಿಸಬೇಕು. ಆ ಲೈನಿನಲ್ಲಿ ಹೆಂಗಸರಿಗೆ ಮಾತ್ರ ಅಂತ ಒಂದು ಬೋಗಿ, ಪ್ಲಾಟ್‌ಫಾರಂ ಮೇಲೆ ಗುಲಾಬಿ ಬಣ್ಣದ ಗುರುತು. ಸೀದಾ ಹೋಗಿ ಅದಕ್ಕೆ ಹತ್ತಿದೆ. ಇವರು ಹಿಂದೆಯೇ ಬಂದವರು ಗುಲಾಬಿ ಗೆರೆಯ ಮುಂದೆ ಗಕ್ಕನೆ ನಿಂತರು. ಎಂಥ ಜಗಳವಾದರೂ ನಿಯಮ ಮುರಿಯುವವರಲ್ಲ. ಪಕ್ಕದ ಬೋಗಿಗೆ ಓಡಿದರು. ಎರಡು ಬೋಗಿಗಳ ನಡುವಿನ ಗಾಜಿನಲ್ಲಿ ಅವರ ಮುಖ ನೋಡಿ ನಗು ಬಂತು. ತೋರಿಸಿಕೊಳ್ಳಲಿಲ್ಲ.

ರೂಮಿನಲ್ಲಿ ಆಡೋಣ ಅಂದರೆ ಜಗಳಕ್ಕೆ ಎದುರುಬದುರು ನಿಲ್ಲುವಷ್ಟಾದರೂ ಜಾಗ ಬೇಕಲ್ಲ. ಎರಡು ಸೂಟ್‌ಕೇಸ್ ಬಿಚ್ಚಿದರೆ ಒಬ್ಬರು ಮಂಚ ಹತ್ತಲೇಬೇಕು. ಪಕ್ಕದ ರೂಮಿನವರು ಕೆಮ್ಮಿದ್ದು ನಮ್ಮ ದಿಂಬಿನ ಹತ್ತಿರ ಕೇಳುತ್ತೆ. ಇವರು ಕೆಳಗೆ ಹೋಗಿ ಎರಡು ಒನಿಗಿರಿ ತಂದರು, ಮುಕ್ಕೋನದ ಅನ್ನದ ಉಂಡೆ. ಪೊಟ್ಟಣಕ್ಕೆ ಫೋನ್ ಹಿಡಿದು ಜೋರಾಗಿ ಓದಿದರು: "ಅನ್ನ, ಉಪ್ಪು ಹಾಕಿದ ಹುಳಿ ಹಣ್ಣು, ಸಮುದ್ರದ ಕಾಗದ." ಪೊಟ್ಟಣದ ಮೇಲೆ 1, 2, 3 ಅಂತ ಇರುತ್ತೆ. 1ನ್ನು ನಡುವೆ ಕೆಳಗೆಳೆದು, 2 ಮತ್ತು 3ನ್ನು ಆಚೀಚೆ ಎಳೆದರೆ, ಪ್ಲಾಸ್ಟಿಕ್ ಪದರಗಳ ನಡುವೆ ಗರಿಗರಿಯಾಗಿದ್ದ ಕಡಲ ಸೊಪ್ಪು ತಾನಾಗಿ ಅನ್ನಕ್ಕೆ ಸುತ್ತಿಕೊಳ್ಳುತ್ತೆ. ಇವರದ್ದು ಹಾಗೇ ಆಯಿತು. ನಾನು ಸಿಟ್ಟಿನಲ್ಲಿ 3ರಿಂದ ಎಳೆದೆ, ಅರ್ಧ ಸೊಪ್ಪು ಪ್ಲಾಸ್ಟಿಕ್ಕಿನಲ್ಲೇ ಉಳಿಯಿತು. ಅವರು ತಮ್ಮದನ್ನು ನನ್ನ ಕೈಗಿಟ್ಟು, ಹರಿದದ್ದನ್ನು ತೆಗೆದುಕೊಂಡರು. ನಡುವೆ ಉಪ್ಪಿನಕಾಯಿಯಂಥ ಹುಳಿ. ಅಮ್ಮನ ನೆನಪಾಗಿ ಕಣ್ಣಲ್ಲಿ ನೀರು ಬಂತು, ಸಿಟ್ಟು ಮಾತ್ರ ಇಳಿಯಲಿಲ್ಲ.

ಐದು ಗಂಟೆಗೇ ಕತ್ತಲು. ದೋತೊನ್‌ಬೊರಿಗೆ ನಡೆದೆವು. 1615ರಲ್ಲಿ ತೋಡಿ ಮುಗಿಸಿದ ಕಾಲುವೆ, ಈಗ ಎರಡೂ ದಡದಲ್ಲಿ ಬಣ್ಣದ ದೀಪ. ಎರಡೂ ಕೈ ಎತ್ತಿ ಓಡುತ್ತಿರುವ ಗ್ಲಿಕೋ ಕಂಪನಿಯ ಮನುಷ್ಯ 1935ರಿಂದ ಅಲ್ಲೇ ಇದ್ದಾನಂತೆ, ಬೋರ್ಡು ಬದಲಾಗಿದೆ ಅಷ್ಟೇ. ಮೌನ ಮುರಿಯಲು ಇವರು ಒಂದು ಕಥೆ ತೆಗೆದರು. 1985ರಲ್ಲಿ ಈ ಕಡೆಯ ಬೇಸ್‌ಬಾಲ್ ತಂಡ ಹಾನ್ಶಿನ್ ಟೈಗರ್ಸ್ ಗೆದ್ದಾಗ ಜನ ಇದೇ ಕಾಲುವೆಗೆ ಹಾರಿದರಂತೆ. ತಂಡದ ಗಡ್ಡದ ಅಮೆರಿಕನ್ ಆಟಗಾರನ ಬದಲು, ಕೆಎಫ್‌ಸಿ ಅಂಗಡಿ ಮುಂದಿನ, ಅವನಂತೆಯೇ ಗಡ್ಡವಿದ್ದ ಕರ್ನಲ್ ಗೊಂಬೆಯನ್ನೇ ಹೊತ್ತು ಎಸೆದರಂತೆ. ಅದು ಸಿಕ್ಕಿದ್ದು 2009ರಲ್ಲಿ! ಆಮೇಲೇನಾಯಿತು ಅಂತ ಕೇಳಬೇಕು ಅನ್ನಿಸಿತು. ಕೇಳಿದರೆ ಸೋತ ಹಾಗೆ.

ಆಗ ಗಮನಿಸಿದೆ. ಸುತ್ತ ಗದ್ದಲವೋ ಗದ್ದಲ. ಅಂಗಡಿಯವರು ಗಂಟಲು ಹರಿಯುವ ಹಾಗೆ ಕೂಗುತ್ತಿದ್ದಾರೆ, ಹುಡುಗಿಯರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾರೆ. ಜಾಗ ಸಿಕ್ಕಿತು!

"ಐದು ದಿನ ಸುಮ್ನೆ ನೋಡ್ಕೊಂಡು ಕೂತಿದ್ರಲ್ಲ ರೀ!" ಅಂತ ಕಾಲುವೆ ಕಟ್ಟೆಯ ಮೇಲೆ ನಿಂತು ಶುರು ಮಾಡಿದೆ.

"ಇನ್ನೇನ್ ಮಾಡ್ಲಿ? ಮೊದಲ ದಿನವೇ ತಲೆ ಸುತ್ತು ಅಂದೆ. ಹೇಳಿದ್ರೆ ಉಪವಾಸ ಬೀಳ್ತಿದ್ದೆ."

"ಬೀಳ್ತೀನೋ ಬಿಡ್ತೀನೋ ನಾನ್ ನೋಡ್ಕೋತೀನಿ. ಹೊಟ್ಟೆ ಯಾರದ್ದು?"

"ಅದರಲ್ಲಿ ಅರ್ಧ ಕಡಲ ಸೊಪ್ಪಿನ ಸಾರು ಕಣೇ. ಕೊಂಬು ಅಂತಾರೆ."

"ನಿಮ್ಮ ತಲೆ ಮೇಲೆ ಎರಡು ಕೊಂಬು! ಗೊತ್ತಿದ್ದೂ ನೀವ್ಯಾಕೆ ತಿಂದ್ರಿ?"

ಇವರು ನೀರಿನ ಕಡೆ ತಿರುಗಿದರು. "ನೀನೊಬ್ಳೇ ಯಾಕೆ ತಿನ್ಬೇಕು ಅಂತ."

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಆದರೂ ಬಾಯಿ ತೆರೆದೆ. ಅಷ್ಟರಲ್ಲಿ ಯಾರೋ ನನ್ನ ತೋಳು ತಟ್ಟಿದರು. ಒಬ್ಬ ಅಜ್ಜಿ, ನೇರಳೆ ಬಣ್ಣದ ಕೂದಲು, ಹುಲಿ ಪಟ್ಟೆಯ ಅಂಗಿ. ಜಪಾನಿಯಲ್ಲಿ ಪಟಪಟ ಏನೋ ಹೇಳುತ್ತಾ ಬ್ಯಾಗಿನಿಂದ ಒಂದು ಚೀಲ ತೆಗೆದು, ನನ್ನ ಕೈಗೆ ಎರಡು, ಇವರ ಕೈಗೆ ಒಂದು ಪೆಪ್ಪರಮಿಂಟು ಹಾಕಿದರು. ಇವರ ಭುಜಕ್ಕೆ ಒಂದು ಏಟನ್ನೂ ಕೊಟ್ಟು ಹೊರಟೇಹೋದರು. ಒಸಾಕಾದ ಹೆಂಗಸರು ಬ್ಯಾಗಿನಲ್ಲಿ ಪೆಪ್ಪರಮಿಂಟು ಇಟ್ಟುಕೊಂಡು ಗುರುತಿಲ್ಲದವರಿಗೂ ಹಂಚುತ್ತಾರಂತೆ. ಅದನ್ನು ಮುದ್ದಿನಿಂದ ಅಮೆ-ಚಾನ್ ಅನ್ನುತ್ತಾರೆ ಅಂತ ಹೋಟೆಲಿನ ಹುಡುಗಿ ಆಮೇಲೆ ಹೇಳಿದಳು. ನನಗೆ ಎರಡು, ಇವರಿಗೆ ಒಂದು. ತೀರ್ಪು ಬಂದ ಹಾಗಾಯಿತಲ್ಲ!

ನಾನು ಆಗಲೇ ಒಂದನ್ನು ಬಾಯಿಗೆ ಹಾಕಿದ್ದೆ. "ತಡಿ ತಡಿ" ಅಂತ ಇವರು ಕಾಗದ ಬಿಡಿಸಿ ಫೋನ್ ಹಿಡಿದರು. ಬಣ್ಣದ ದೀಪಗಳ ಹೊಳಪಿಗೆ ಅಕ್ಷರವೇ ಹಿಡಿಯಲಿಲ್ಲ. ಕಾಗದವನ್ನು ಜೇಬಿಗೆ ಹಾಕಿಕೊಂಡರು. 1995ರಲ್ಲಿ ಟೋಕಿಯೋ ಮೆಟ್ರೋದಲ್ಲಿ ವಿಷಾನಿಲ ಬಿಟ್ಟ ಮೇಲೆ ಸಾರ್ವಜನಿಕ ಜಾಗಗಳಿಂದ ಎಷ್ಟೋ ಕಸದ ಡಬ್ಬಿಗಳನ್ನು ತೆಗೆದುಬಿಟ್ಟರು. ಹಾಗಾಗಿ ಆ ಪ್ರವಾಸದುದ್ದಕ್ಕೂ ಇವರ ಜೇಬು ನಮ್ಮಿಬ್ಬರ ಕಸದ ಬುಟ್ಟಿ.

ಅಲ್ಲೇ ಹಿಂದಿನ ಕಲ್ಲು ಹಾಸಿನ ಓಣಿಯಲ್ಲಿ ಹೊಜೆನ್‌ಜಿ ಗುಡಿ. ಎರಡು ನಿಮಿಷ ನಡೆದರೆ ಗದ್ದಲವೆಲ್ಲ ಮಾಯ. ಮೂರ್ತಿಯ ಮುಖವೇ ಕಾಣದಷ್ಟು ಪಾಚಿ. ಬರುವವರೆಲ್ಲ ಸೌಟಿನಲ್ಲಿ ನೀರು ಹಾಕಿ ಹಾಕಿ ಹಾಗೆ ಬೆಳೆದದ್ದು. ಅಲ್ಲಿ ಫುದೋ ಅನ್ನುವ ಈ ದೇವರು ನಮ್ಮ ಕಡೆಯಿಂದಲೇ ಹೋದವನು, ಸಂಸ್ಕೃತದಲ್ಲಿ ಅಚಲ. ಅಭಿಷೇಕ ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಇವರು ಮಾತ್ರ ಮುಂದಿನವರು ಎಷ್ಟು ಸೌಟು ಹಾಕುತ್ತಾರೆ ಅಂತ ಎಣಿಸಿಕೊಂಡು ಅಷ್ಟೇ ಹಾಕಿದರು.

"ಏನು ಬೇಡಿಕೊಂಡ್ರಿ?"

"ನಾಳೆ ಎಲ್ಲಾದ್ರೂ ಇಡ್ಲಿ ಸಿಗಲಿ ಅಂತ."

ಇಡ್ಲಿ ಸಿಗಲಿಲ್ಲ. ಇನ್ನೆರಡು ದಿನ ಹುಳಿ ಹಣ್ಣಿನ ಅನ್ನದಲ್ಲೇ ಕಳೆದೆವು, ಇವರೂ ಸಾರು ಮುಟ್ಟಲಿಲ್ಲ. ತಂಗಿಗೆ ಕಳಿಸಿದ್ದ ಮೆಸೇಜನ್ನು ನಾನು ಇನ್ನೂ ತಿದ್ದಿಲ್ಲ.

ಊರಿಗೆ ಬಂದು ಬಟ್ಟೆ ಒಗೆಯಲು ಹಾಕಿದಾಗ ಇವರ ಪ್ಯಾಂಟಿನ ಜೇಬಿನಿಂದ ಆ ಕಾಗದ ಬಂತು. ಪ್ಲಾಸ್ಟಿಕ್ ಅಲ್ವಾ, ಮೆಷಿನ್ನಿನಲ್ಲಿ ಸುತ್ತಿದರೂ ಅಕ್ಷರ ಹಾಗೇ ಇತ್ತು. ಇವರು ಮತ್ತೆ ಫೋನ್ ತೆಗೆದರು. ನಾನು ಕಿತ್ತುಕೊಂಡು ಕಸದ ಬುಟ್ಟಿಗೆ ಹಾಕಿದೆ.

"ಹಸಿ ಕಸಕ್ಕೋ, ಒಣ ಕಸಕ್ಕೋ?" ಅಂದರು ಇವರು.