ತೂಕ ಅಷ್ಟೇ ಇತ್ತು, ತೊಡೆ ಸಣ್ಣಗಾಗಿತ್ತು

ಡಯಾಲಿಸಿಸ್ ಟೆಕ್ನಿಷಿಯನ್ ಕೆಲಸಕ್ಕೆ ಸೇರಿ 11 ವರ್ಷ ಆಯಿತು. ಮೊದಮೊದಲು ಪೇಷಂಟ್ ಆಟೋ ಇಳಿಯುವಷ್ಟರಲ್ಲಿ ವೀಲ್‌ಚೇರ್ ತಳ್ಳಿಕೊಂಡು ಓಡುತ್ತಿದ್ದೆ. ಕರುಣೆ ಅಂದುಕೊಂಡಿದ್ದೆ. ನಿಜ ಹೇಳಬೇಕಂದ್ರೆ ಅರ್ಧ ಅವಸರ. ಬೆಳಗಿನ ಶಿಫ್ಟ್ ತಡವಾದರೆ ಮೂರನೇ ಶಿಫ್ಟಿನವರು ಮನೆ ಸೇರುವುದು ರಾತ್ರಿ.

ಒಬ್ಬರು ರಿಟೈರಾದ ಬಸ್ ಕಂಡಕ್ಟರ್ ಬರುತ್ತಿದ್ದರು. ಜೀವನವೆಲ್ಲಾ ನಿಂತೇ ಕೆಲಸ ಮಾಡಿದವರು. ಮೊದಲ ಆರು ತಿಂಗಳು ನಡೆದೇ ಬಂದರು. "ಯಾಕೆ ಕಷ್ಟಪಡ್ತೀರಿ ಯಜಮಾನ್ರೇ, ಕೂತ್ಕೊಳ್ಳಿ" ಅಂತ ವೀಲ್‌ಚೇರ್ ಅಭ್ಯಾಸ ಮಾಡಿಸಿದ್ದು ನಾನೇ.

ಅವರ ಡ್ರೈ ವೇಟ್, ಅಂದರೆ ಮೈಯಲ್ಲಿ ಹೆಚ್ಚಿನ ನೀರು ಇಲ್ಲದಾಗಿನ ತೂಕ, 58 ಕೆಜಿ. ಪ್ರತಿ ಸಲ ನೀರು ತೆಗೆದು 58ಕ್ಕೆ ತಂದು ಕಳಿಸುತ್ತಿದ್ದೆ. ಪಾದ ಊದಿದ್ದು ಕಂಡಿತ್ತು. ಉಪ್ಪಿನಕಾಯಿ ತಿಂದಿರ್ತೀರಿ ಅಂತ ಗದರಿದ್ದೆ ಕೂಡ. ಒಂದು ರಾತ್ರಿ ಉಸಿರು ಕಟ್ಟಿ ಎಮರ್ಜೆನ್ಸಿಗೆ ಬಂದರು. ಶ್ವಾಸಕೋಶದಲ್ಲಿ ನೀರು.

ಮಾರನೇ ದಿನ ಡಾಕ್ಟರ್ ನನ್ನನ್ನು ಕರೆದು ಅವರ ಪಂಚೆ ಸರಿಸಿ ತೊಡೆ ತೋರಿಸಿದರು. ಹೆಚ್ಚೂಕಡಿಮೆ ನನ್ನ ತೋಳಿನಷ್ಟಿತ್ತು. "58 ಅಂತ ಬರೀತೀಯಲ್ಲ, ಅದರಲ್ಲಿ ಮಾಂಸ ಎಷ್ಟು, ನೀರೆಷ್ಟು?"

ಮಾಂಸ ಕರಗಿದ ಜಾಗಕ್ಕೆ ನೀರು ಬಂದು ಕೂತಿತ್ತು. ತೂಕದ ಮಿಷನ್‌ಗೆ ಎರಡೂ ಒಂದೇ ಅಲ್ವಾ.

ಕಿಡ್ನಿ ಕೆಟ್ಟವರ ರಕ್ತದಲ್ಲಿ ಆಮ್ಲ ಜಾಸ್ತಿ, ಅದು ಸ್ನಾಯು ಕರಗಿಸುತ್ತದೆ. ಡಯಾಲಿಸಿಸ್‌ನಲ್ಲಿ ಕೊಳೆಯ ಜೊತೆ ಅಮೈನೊ ಆಸಿಡ್, ಅಂದರೆ ಪ್ರೋಟೀನ್‌ನ ತುಣುಕುಗಳು, ಕೂಡ ಹೊರಹೋಗುತ್ತದೆ. ಊಟ ಸೇರುವುದಿಲ್ಲ. ಇದರ ಮೇಲೆ ಇನ್ನೊಂದು ಎಡವಟ್ಟು. ಡಯಾಲಿಸಿಸ್ ಶುರುವಾಗುವ ಮುಂಚೆ ಬೇಳೆ, ಮೊಟ್ಟೆ ಕಡಿಮೆ ಮಾಡಿ ಅಂದಿರುತ್ತಾರೆ. ಶುರುವಾದ ಮೇಲೆ ಲೆಕ್ಕ ಉಲ್ಟಾ: ದಿನಕ್ಕೆ, ಮೈತೂಕದ ಪ್ರತಿ ಕೆಜಿಗೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕು. ಇವರ ಮನೆಯವರು ಹಳೇ ಚೀಟಿಯನ್ನೇ ಪಾಲಿಸುತ್ತಿದ್ದರು, ಪಾಪ.

ಡ್ರೈ ವೇಟ್ ಇಳಿಸಿದರು. ಮೊಟ್ಟೆಯ ಬಿಳಿಭಾಗ ಶುರುವಾಯಿತು. ಹೃದಯ ಪರೀಕ್ಷೆ ಮಾಡಿ, ನಡೆಯಲಿ ಅಂದರು ಡಾಕ್ಟರ್. ಇಟಲಿಯ ಒಂದು ಅಧ್ಯಯನ ಅವರೇ ಹೇಳಿದ್ದು, 2017ರದು. ಡಯಾಲಿಸಿಸ್ ಇಲ್ಲದ ದಿನ ಮನೆ ಹತ್ತಿರವೇ 10 ನಿಮಿಷದಂತೆ ಎರಡು ನಡಿಗೆ, ಅಷ್ಟೇ. ಆರು ತಿಂಗಳಲ್ಲಿ, ಆರು ನಿಮಿಷಕ್ಕೆ 328 ಮೀಟರ್ ನಡೆಯುತ್ತಿದ್ದವರು 367 ಮೀಟರ್ ನಡೆದರು. ಆಯುಷ್ಯ ಜಾಸ್ತಿ ಆಗುತ್ತಾ ಅಂತ ಕೇಳಿದೆ. ಗಟ್ಟಿ ಇರುವ ಪೇಷಂಟ್‌ಗಳು ಹೆಚ್ಚು ಕಾಲ ಬದುಕುವುದು ಎಷ್ಟೋ ಅಧ್ಯಯನಗಳಲ್ಲಿ ಕಂಡಿದೆ, ಆದರೆ ಕಾಯಿಲೆ ಕಡಿಮೆ ಇರುವವರೇ ಗಟ್ಟಿ ಇರ್ತಾರೆ ಅನ್ನೋದೂ ಇದೆಯಲ್ಲ ಅಂದರು. ನನಗೆ ಆ ಉತ್ತರ ಇಷ್ಟವಾಯಿತು. ಸುಮ್ನೆ ಆಸೆ ಹುಟ್ಟಿಸಲಿಲ್ಲ.

ಈಗ ನಾನು ಮೊದಲು ನೋಡುವುದು ಕುರ್ಚಿಯಿಂದ ಹೇಗೆ ಏಳುತ್ತಾರೆ ಅಂತ. ಕೈ ಊರದೆ ಎದ್ದರೆ ಚಿಂತೆಯಿಲ್ಲ. ಫಿಸ್ಟುಲಾ (ಡಯಾಲಿಸಿಸ್ ಸೂಜಿ ಹಾಕಲು ಆಪರೇಷನ್ ಮಾಡಿ ಜೋಡಿಸಿದ ರಕ್ತನಾಳ) ಇಲ್ಲದ ಕೈ ಊರಿ, ಎರಡು ಸಲ ಮುಂದಕ್ಕೆ ತೂಗಿ, ಮೂರನೇ ಸಲಕ್ಕೆ ಮಂಡಿ ನಡುಗುತ್ತಾ ಎದ್ದರೆ ಫೈಲಿನಲ್ಲಿ ಬರೆದು ಡಾಕ್ಟರಿಗೆ ಹೇಳುತ್ತೇನೆ. ಬಿಪಿ ಬಿದ್ದವರಿಗೆ, ತೊಡೆಸಂದಿಯಲ್ಲಿ ಟ್ಯೂಬ್ ಇರುವವರಿಗೆ ವೀಲ್‌ಚೇರ್ ಇದ್ದೇ ಇದೆ. ಉಳಿದವರ ಪಕ್ಕದಲ್ಲಿ ನಡೆಯುತ್ತೇನೆ, ನಿಧಾನಕ್ಕೆ. ಶಿಫ್ಟ್ ಹತ್ತು ನಿಮಿಷ ತಡ ಆಗುತ್ತದೆ. ಆಗಲಿ.

ಕಂಡಕ್ಟರ್ ಮಾತ್ರ ಮೀಟರ್, ನಿಮಿಷ ಯಾವುದನ್ನೂ ಒಪ್ಪಲಿಲ್ಲ. ಅವರದು ಕರೆಂಟ್ ಕಂಬದ ಲೆಕ್ಕ. ಶುರುವಿನಲ್ಲಿ ಮೂರು ಕಂಬ ಹೋಗಿ ಕಟ್ಟೆ ಮೇಲೆ ಕೂತುಬಿಡುತ್ತಿದ್ದರು. ಮೊನ್ನೆ ಸೂಜಿ ಹಾಕುವಾಗ ಎಷ್ಟಾಯ್ತು ಅಂತ ಕೇಳಿದೆ.

"ಹದಿನಾಲ್ಕು ಕಣಪ್ಪಾ. ಹದಿನೈದನೇ ಸ್ಟಾಪಲ್ಲಿ ನಾಯಿ ಮಲಗಿತ್ತು."