ಅಷ್ಟೆಲ್ಲ ಇದ್ದೂ ‘ದಿ ಎಕ್ಸ್ ಫ್ಯಾಕ್ಟರ್’ ಯಾಕೆ?

ಮೆಟಲ್ ಕೇಳುವವರು ಯಾರೇ ಸಿಗಲಿ, ಮಾತು ಬ್ರಿಟನ್ನಿನ ಹೆವಿ ಮೆಟಲ್ ಬ್ಯಾಂಡ್ ಐರನ್ ಮೇಡನ್ ಕಡೆ ಹೊರಳಿದ ಐದು ನಿಮಿಷಕ್ಕೆ ಈ ಪ್ರಶ್ನೆ ಬಂದೇ ಬರುತ್ತದೆ. ‘ಪವರ್‌ಸ್ಲೇವ್’ ಇದೆ, ‘ಸೆವೆಂತ್ ಸನ್’ ಇದೆ, ‘ನಂಬರ್ ಆಫ್ ದ ಬೀಸ್ಟ್’ ಇದೆ, ಅಷ್ಟೆಲ್ಲ ಇದ್ದೂ ಬ್ಲೇಜ್ ಹಾಡಿದ ಆ ‘ದಿ ಎಕ್ಸ್ ಫ್ಯಾಕ್ಟರ್’ ಆಲ್ಬಂ ಹಿಡ್ಕೊಂಡು ಕೂತಿದ್ದೀಯಲ್ಲ, ಯಾಕೆ ಮಾರಾಯ? ಕುಶಾಲನಗರದ ಗೆಳೆಯನೊಬ್ಬ ಇಪ್ಪತ್ತು ವರ್ಷದಿಂದ ಇದನ್ನೇ ಕೇಳುತ್ತಿದ್ದಾನೆ. ಮೊನ್ನೆ ಅಕ್ಕನ ಮಗನೂ ಕೇಳಿದ: “ಮಾಮ, ಅದು ಅವರ ಫ್ಲಾಪ್ ಅಲ್ವಾ?” ಪ್ರತಿ ಸಲವೂ ಅರ್ಧ ಉತ್ತರ ಕೊಟ್ಟು ಬಿಟ್ಟಿದ್ದೇನೆ. ಈ ಸಲ ಪೂರ್ತಿ ಹೇಳಿಬಿಡುತ್ತೇನೆ.

ಕಥೆ ಗೊತ್ತಿಲ್ಲದವರಿಗೆ ಮೊದಲು ಸ್ವಲ್ಪ ಹಿನ್ನೆಲೆ. 1981ರಲ್ಲಿ ಬ್ಯಾಂಡ್ ಸೇರಿದ ಗಾಯಕ ಬ್ರೂಸ್ ಡಿಕಿನ್ಸನ್ 1993ರಲ್ಲಿ ಬಿಟ್ಟು ಹೋದ. ಆ ಜಾಗಕ್ಕೆ ವುಲ್ಫ್ಸ್‌ಬೇನ್ ಎಂಬ ಬ್ಯಾಂಡಿನಿಂದ ಬ್ಲೇಜ್ ಬೇಯ್ಲಿ ಬಂದ. ‘ಕಿಲ್ಲರ್ಸ್’ನಿಂದ ‘ಫಿಯರ್ ಆಫ್ ದ ಡಾರ್ಕ್’ ತನಕ ಅವರ ಆಲ್ಬಂಗಳನ್ನು ಧ್ವನಿಮುದ್ರಿಸಿ ರೂಪಿಸಿದ್ದ ನಿರ್ಮಾಪಕ ಮಾರ್ಟಿನ್ ಬರ್ಚ್ ಅಷ್ಟರಲ್ಲಿ ನಿವೃತ್ತನಾಗಿದ್ದ. ಬ್ಯಾಂಡಿನ ಯಜಮಾನನೇ ಎನ್ನಬಹುದಾದ ಬಾಸ್ ವಾದಕ ಸ್ಟೀವ್ ಹ್ಯಾರಿಸ್‌ನ ಮದುವೆ ಮುರಿದುಬಿದ್ದ ಕಾಲವೂ ಅದೇ. ಎಸೆಕ್ಸ್‌ನಲ್ಲಿದ್ದ ತನ್ನ ಮನೆಯ ಸ್ಟುಡಿಯೋದಲ್ಲೇ ಹ್ಯಾರಿಸ್, ನೈಜಲ್ ಗ್ರೀನ್ ಜೊತೆ ಕೂತು ಈ ಆಲ್ಬಂ ಮಾಡಿದ. 1995ರ ಅಕ್ಟೋಬರ್‌ನಲ್ಲಿ ಬಂತು. ಅವರ ಹತ್ತನೆಯ ಸ್ಟುಡಿಯೋ ಆಲ್ಬಂ, ಹೆಸರಿನಲ್ಲಿರುವ ಎಕ್ಸ್ ರೋಮನ್ ಅಂಕಿಯ ಹತ್ತೂ ಹೌದು. ಹಿಂದಿನ ‘ಫಿಯರ್ ಆಫ್ ದ ಡಾರ್ಕ್’ ಬ್ರಿಟನ್ನಿನ ಆಲ್ಬಂ ಮಾರಾಟದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಏರಿತ್ತು. ಇದು ಎಂಟಕ್ಕೆ ನಿಂತಿತು. ‘ಫ್ಲಾಪ್’ ಎಂಬ ಮಾತು ಅಲ್ಲಿಂದ ಅಂಟಿಕೊಂಡಿದ್ದು ಇನ್ನೂ ಬಿಟ್ಟಿಲ್ಲ.

ನನ್ನ ಕೈಗೆ ಅದು ಬಂದಿದ್ದು 1997ರ ಮಳೆಗಾಲದಲ್ಲಿ. ಆಗ ನಾನು ಪಿಯುಸಿಯಲ್ಲಿದ್ದೆ. ಮೈಸೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ ಚಿಕ್ಕಪ್ಪನ ಮಗ ತೊಂಬತ್ತು ನಿಮಿಷದ ಖಾಲಿ ಕ್ಯಾಸೆಟ್ಟಿಗೆ ತುಂಬಿಸಿ ತಂದುಕೊಟ್ಟ. ಆಲ್ಬಂ ಎಪ್ಪತ್ತೊಂದು ನಿಮಿಷದ ಆಸುಪಾಸು. ಏಳನೆಯ ಹಾಡು ಮುಗಿಯುವುದಕ್ಕೂ ಎ ಬದಿ ಟಕ್ ಎಂದು ನಿಲ್ಲುವುದಕ್ಕೂ ಸರಿಹೋಗುತ್ತಿತ್ತು. ಕ್ಯಾಸೆಟ್ ತಿರುವಿ ಹಾಕಿದರೆ ಬಿ ಬದಿಯಲ್ಲಿ ಉಳಿದ ನಾಲ್ಕು ಹಾಡು, ಆಮೇಲೆ ಬರೀ ಸುಯ್ ಎನ್ನುವ ಖಾಲಿ ಟೇಪು. ಸಿಡಿಯಲ್ಲಿ ಕೇಳಿದವರಿಗೆ ಹನ್ನೊಂದು ಹಾಡೂ ಒಂದೇ ಉದ್ದದ ದಾರಿ. ನನಗೆ ಅವು ಎರಡು ಬೇರೆ ಆಲ್ಬಂಗಳು. ಬಿ ಬದಿಯೇ ಹೆಚ್ಚು ಸವೆಯಿತು.

ನಮ್ಮ ಊರು ಸೋಮವಾರಪೇಟೆ ತಾಲೂಕಿನಲ್ಲಿ, ಶಾಂತಳ್ಳಿ ಕಡೆ, ಪುಷ್ಪಗಿರಿ ಕಾಣುವಷ್ಟು ಹತ್ತಿರ. ಆಷಾಢದ ಮಳೆ ಹಿಡಿದರೆ ಬೆಟ್ಟ ತಿಂಗಳುಗಟ್ಟಲೆ ಕಾಣುವುದಿಲ್ಲ. ಸಿಲ್ವರ್ ಓಕ್ ಮರ ಲೈನಿನ ಮೇಲೆ ಬಿದ್ದರೆ ನಾಲ್ಕೈದು ದಿನ ಕರೆಂಟಿಲ್ಲ. ಟೇಪ್ ರೆಕಾರ್ಡರಿಗೆ ಆರು ಸೆಲ್ಲು ಹಾಕಿ ಕೇಳಬೇಕು. ಸೆಲ್ಲು ಇಳಿಯುತ್ತಾ ಬಂದಂತೆ ಟೇಪು ನಿಧಾನವಾಗುತ್ತದೆ, ಶ್ರುತಿ ಕೆಳಗೆ ಜಾರುತ್ತದೆ. ಬೇರೆ ಯಾವ ಮೇಡನ್ ಕ್ಯಾಸೆಟ್ ಆದರೂ ಆ ಹೊತ್ತಿಗೆ ಕೇಳಲಾಗುತ್ತಿರಲಿಲ್ಲ, ಬ್ರೂಸ್‌ನ ದನಿ ಕಾಯಿಲೆ ಬಿದ್ದವರ ದನಿಯಾಗುತ್ತಿತ್ತು. ಇದೊಂದು ಮಾತ್ರ ಕೆಡಲಿಲ್ಲ. ಮೊದಲೇ ಭಾರವಾಗಿದ್ದದ್ದು ಇನ್ನಷ್ಟು ಭಾರವಾಯಿತು, ಅಷ್ಟೆ. ಆ ದನಿಯ ಜಾಗ ಕೆಳಗೇ ಇದೆ ಎಂದು ನನಗೆ ಮೊದಲು ತಿಳಿಸಿದ್ದು ಆ ಸತ್ತ ಸೆಲ್ಲುಗಳು. (ಇದನ್ನು ಓದಿ ಮಳೆಗಾಲ ಎಷ್ಟು ಚೆಂದ ಎನ್ನಬೇಡಿ. 2018ರ ಆಗಸ್ಟಿನಲ್ಲಿ ನಮ್ಮ ಗುಡ್ಡಗಳು ಮನೆಗಳ ಮೇಲೆ ಜಾರಿದ್ದನ್ನು ನೋಡಿದ ಮೇಲೆ ಮಳೆಯನ್ನು ಹೊಗಳಿ ಬರೆಯಲು ನನಗೆ ಮನಸ್ಸಾಗುವುದಿಲ್ಲ.)

ಬ್ಲೇಜ್ ಬಗ್ಗೆ ಇರುವ ದೂರು ಅವನ ಗಂಟಲಿನದು. ಬ್ರೂಸ್ ತಾರಸ್ಥಾಯಿಯ ಗಾಯಕ, ಇವನು ಮಂದ್ರದವನು. ವೇದಿಕೆಯ ಮೇಲೆ ಬ್ರೂಸ್‌ಗಾಗಿ ಕಟ್ಟಿದ ಹಾಡುಗಳನ್ನು ಇವನು ಹಾಡಬೇಕಾಗಿ ಬಂದಾಗ ಗಂಟಲು ಸೋತಿದ್ದು ನಿಜ, ಆ ಪ್ರವಾಸದಲ್ಲಿ ಅಮೆರಿಕದ ಕೆಲವು ಪ್ರದರ್ಶನಗಳು ರದ್ದಾದದ್ದೂ ನಿಜ. ಆದರೆ ಅದು ಕಾರ್ಯಕ್ರಮಗಳ ಲೆಕ್ಕ, ಆಲ್ಬಂನ ಲೆಕ್ಕ ಅಲ್ಲ. ಈ ಹಾಡುಗಳು ಹುಟ್ಟಿದ್ದೇ ಅವನು ಬಂದ ಮೇಲೆ. ‘ಸೈನ್ ಆಫ್ ದ ಕ್ರಾಸ್’ ಕೇಳಿ. ಹನ್ನೊಂದು ನಿಮಿಷ ದಾಟುವ ಹಾಡು. ಮಠದ ಮಂತ್ರಪಠಣದಂತೆ ಶುರುವಾಗಿ, ಬಾಸ್ ಒಂದೊಂದೇ ಹೆಜ್ಜೆ ಇಡುತ್ತಾ ಬಂದು, ಎಷ್ಟೋ ಹೊತ್ತಿನ ಮೇಲೆ ಗಿಟಾರುಗಳು ಬೀಳುತ್ತವೆ. ಹೊಸ ಗಾಯಕನನ್ನು ತೋರಿಸಬೇಕಾದ ಆಲ್ಬಂನ ಮೊದಲ ಹಾಡೇ ಇದು! ಬೇರೆ ಯಾವ ದೊಡ್ಡ ಬ್ಯಾಂಡಾದರೂ ನಾಲ್ಕು ನಿಮಿಷದ ಚುರುಕು ಹಾಡನ್ನು ಮುಂದೆ ಇಡುತ್ತಿತ್ತು. ಅವರ ಹತ್ತಿರ ಅಂಥದ್ದು ಇತ್ತು ಕೂಡ. ‘ಮ್ಯಾನ್ ಆನ್ ದ ಎಡ್ಜ್’ ಮೂರನೆಯ ಜಾಗಕ್ಕೆ ಹೋಯಿತು. ಹ್ಯಾರಿಸ್‌ಗೆ ಆಗ ಯಾರನ್ನೂ ಮೆಚ್ಚಿಸುವ ಉಮೇದು ಇದ್ದಂತೆ ಕಾಣುವುದಿಲ್ಲ.

ಬ್ರೂಸ್ ಮರಳಿ ಬಂದ ಮೇಲೆ 2001ರಲ್ಲಿ ರಿಯೋದಲ್ಲಿ ಅದೇ ‘ಸೈನ್ ಆಫ್ ದ ಕ್ರಾಸ್’ ಹಾಡಿದ, ಅದು ಲೈವ್ ಆಲ್ಬಂನಲ್ಲೂ ಇದೆ. 2018ರಲ್ಲಿ ಶುರುವಾದ ಪ್ರವಾಸದಲ್ಲೂ ಹಾಡಿದರು. “ನೋಡು, ಹಾಡು ಒಳ್ಳೇದೇ, ಗಾಯಕ ಸರಿ ಇರ್ಲಿಲ್ಲ” ಎಂದು ನನ್ನ ಗೆಳೆಯ ಆ ರೆಕಾರ್ಡಿಂಗನ್ನೇ ಸಾಕ್ಷಿಯಾಗಿ ಮುಂದಿಡುತ್ತಾನೆ. ಎರಡನ್ನೂ ನೂರಾರು ಸಲ ಕೇಳಿದ್ದೇನೆ. ಬ್ರೂಸ್ ಹಾಡಿದಾಗ ಮೈ ಜುಮ್ಮೆನ್ನುತ್ತದೆ, ಒಪ್ಪುತ್ತೇನೆ. ಆದರೆ ಅವನು ಹಾಡಿದಾಗ ಹಾಡಿನೊಳಗೆ ವಧಾಸ್ಥಾನಕ್ಕೆ ಹೊರಟವನು ವೀರನಾಗಿಬಿಡುತ್ತಾನೆ, ಅವನು ಗೆಲ್ಲುತ್ತಾನೆ ಎಂದು ಮೊದಲೇ ಗೊತ್ತಾಗುತ್ತದೆ. ಬ್ಲೇಜ್ ಹಾಡಿದಾಗ ಅವನನ್ನು ಯಾರೋ ಎಳೆದುಕೊಂಡು ಹೋಗುತ್ತಿದ್ದಾರೆ. ಏನಾಗುತ್ತದೋ ತಿಳಿಯುವುದಿಲ್ಲ. ಹಾಡಿನ ಒಳಗಿರುವ ಭಯಕ್ಕೆ ಎರಡನೆಯದೇ ಸರಿ.

ಇನ್ನು ನಾನು ಈ ಆಲ್ಬಂ ಬಿಡದಿರುವ ನಿಜವಾದ ಕಾರಣಕ್ಕೆ ಬರುತ್ತೇನೆ.

ಕೊಡಗಿನಲ್ಲಿ ಹುಟ್ಟಿದವರಿಗೆ ಯುದ್ಧ ಎನ್ನುವುದು ಗೋಡೆಯ ಮೇಲಿನ ಫೋಟೋ. ಮಡಿಕೇರಿಯಲ್ಲಿ ಜನರಲ್ ತಿಮ್ಮಯ್ಯನವರ ಮನೆ ‘ಸನ್ನಿ ಸೈಡ್’ ಈಗ ಮ್ಯೂಸಿಯಂ. ಜನವರಿ 28 ಬಂದರೆ ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಜಯಂತಿ. ಶಾಲೆಯಲ್ಲಿ ಭಾಷಣ ಸ್ಪರ್ಧೆ ಎಂದರೆ ಇಬ್ಬರಲ್ಲಿ ಒಬ್ಬರ ಬಗ್ಗೆಯೇ. ಆ ಹೆಮ್ಮೆ ನನಗೂ ಇದೆ. ಆದರೆ ನಮ್ಮ ಮನೆಯಲ್ಲಿ ದೊಡ್ಡಪ್ಪ ಇದ್ದರು. 1987ರಿಂದ 1990ರ ತನಕ ಭಾರತದ ಸೇನೆ ಶ್ರೀಲಂಕಾದಲ್ಲಿ ಇತ್ತಲ್ಲ, ಅದರಲ್ಲಿ ಹೋಗಿ ಬಂದವರು. ಸಾವಿರಕ್ಕೂ ಹೆಚ್ಚು ಯೋಧರು ಸತ್ತ ಯುದ್ಧ ಅದು. ಹಿಂದೆ ಬಂದವರಿಗೆ ಹೇಳಿಕೊಳ್ಳಲು ಗೆಲುವಿರಲಿಲ್ಲ, ಊರಿನಲ್ಲಿ ಹಾರ ಹಾಕಿದವರೂ ಇರಲಿಲ್ಲ. ಪೆನ್ಷನ್ ಬಂದ ಮೇಲೆ ದೊಡ್ಡಪ್ಪ ಹಗಲೆಲ್ಲ ತೋಟದಲ್ಲಿ ನೆರಳುಮರಗಳ ಕೊಂಬೆ ಕಡಿಸುವ ಮರಗಸಿ ಮಾಡಿಸುತ್ತಾ, ಆಳುಗಳ ಜೊತೆ ಚೆನ್ನಾಗಿಯೇ ಇರುತ್ತಿದ್ದರು. ರಾತ್ರಿ ಎದ್ದು ಜಗಲಿಯಲ್ಲಿ ಕೂರುತ್ತಿದ್ದರು. ಕ್ಯಾಂಟೀನ್ ರಮ್ಮಿನ ಒಂದು ಗ್ಲಾಸು, ಆರಿಸಿದ ಟಾರ್ಚು. ಯಾಕೆ ಎಂದು ಮನೆಯಲ್ಲಿ ಯಾರೂ ಕೇಳುತ್ತಿರಲಿಲ್ಲ.

ಮೇಡನ್ ಮೊದಲಿನಿಂದಲೂ ಯುದ್ಧದ ಹಾಡು ಹಾಡಿದ ಬ್ಯಾಂಡು. 1983ರ ‘ದ ಟ್ರೂಪರ್’ನಲ್ಲಿ ಕುದುರೆ ಸವಾರ ಫಿರಂಗಿಗಳಿಗೆ ಎದುರಾಗಿ ನುಗ್ಗುತ್ತಾನೆ. ಮರುವರ್ಷದ ‘ಏಸಸ್ ಹೈ’ನಲ್ಲಿ ಪೈಲಟ್ ವಿಮಾನ ಹತ್ತುತ್ತಾನೆ. ಎರಡೂ ಅದ್ಭುತ ಹಾಡುಗಳು. ಎರಡೂ ಯುದ್ಧದ ನಡುವೆಯೇ ಮುಗಿಯುತ್ತವೆ. ಈ ಆಲ್ಬಂನಲ್ಲಿ ಸೈನಿಕ ಮನೆಗೆ ಬರುತ್ತಾನೆ. ‘ಫಾರ್ಚೂನ್ಸ್ ಆಫ್ ವಾರ್’ ಎಂದರೆ ಹಿಂದೆ ಬಂದವನ ನಿದ್ದೆಯಿಲ್ಲದ ರಾತ್ರಿ, ಕಾಲ ಕಳೆದಂತೆ ಸರಿಹೋಗುತ್ತೆ ಎಂದು ಸುತ್ತಲಿನವರು ಹೇಳುವುದು, ಅದು ಸರಿಹೋಗದಿರುವುದು. ‘ದಿ ಆಫ್ಟರ್‌ಮ್ಯಾತ್’ ಮೊದಲ ಮಹಾಯುದ್ಧದ ಕೆಸರಿನಲ್ಲಿ ನಿಂತು, ಯುದ್ಧ ಮುಗಿದ ಮೇಲೆ ಸೈನಿಕ ಎಂದರೆ ಯಾರು ಎಂದು ಕೇಳುತ್ತದೆ. ‘ಟೂ ಎ.ಎಂ.’ನಲ್ಲಿ ಯುದ್ಧವೂ ಇಲ್ಲ. ಕೆಲಸ ಮುಗಿಸಿ ರಾತ್ರಿ ಎರಡು ಗಂಟೆಗೆ ಮನೆಗೆ ಬಂದ ಒಬ್ಬ, ಒಂದು ಕುರ್ಚಿ, ಒಂದು ಗ್ಲಾಸು, ಮುಂದೇನು ಎಂದು ತಿಳಿಯದ ಒಂದು ಬದುಕು. ಹದಿನೇಳನೆಯ ವಯಸ್ಸಿನಲ್ಲಿ ನಾನು ಅದನ್ನು ಕೇಳುತ್ತಿದ್ದಾಗ ಆಚೆ ಜಗಲಿಯಲ್ಲಿ ಅದೇ ಹಾಡು ಕೂತಿತ್ತು.

ಒಂದು ರಾತ್ರಿ ಟೇಪು ಓಡುತ್ತಿದ್ದಾಗ ದೊಡ್ಡಪ್ಪ ಬಾಗಿಲಲ್ಲಿ ನಿಂತು, “ಏನು ಹೇಳ್ತಿದ್ದಾನೋ ಇವ್ನು?” ಎಂದರು. ಹಾಡುತ್ತಿದ್ದದ್ದು ‘ಫಾರ್ಚೂನ್ಸ್ ಆಫ್ ವಾರ್’. “ಯುದ್ಧದಿಂದ ಬಂದಿದ್ದಾನೆ ದೊಡ್ಡಪ್ಪ, ನಿದ್ದೆ ಬರ್ತಿಲ್ಲ ಅಂತಾನೆ” ಎಂದೆ. ಸೌಂಡು ಸ್ವಲ್ಪ ಕಮ್ಮಿ ಮಾಡು ಎಂದರು. ಹೋಗಲಿಲ್ಲ. ಕಬ್ಬಿಣದ ಪೆಟ್ಟಿಗೆಯ ಮೇಲೆ ಕೂತು ಎ ಬದಿ ಮುಗಿಯುವ ತನಕ ಕೇಳಿದರು. ಮರುದಿನ ಆ ವಿಷಯ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಈ ಹಾಡುಗಳಿಗೆ ಗೆದ್ದವನ ದನಿ ಹೊಂದುವುದೇ ಇಲ್ಲ. ಬ್ಲೇಜ್ ಮೇಲಕ್ಕೆ ಏರಲು ಹೋಗಿ ಅಲ್ಲಲ್ಲಿ ತಡವರಿಸುತ್ತಾನೆ. ‘ಫಾರ್ಚೂನ್ಸ್ ಆಫ್ ವಾರ್’ನಲ್ಲಿ ಆ ತಡವರಿಕೆ ಹಾಡಿಗೇ ಸೇರಿದ್ದು. ಧ್ವನಿಮುದ್ರಣ ಒಣಗಿದ ಹಾಗಿದೆ, ಪ್ರತಿಧ್ವನಿ ಇಲ್ಲ, ನಿಕೋ ಮೆಕ್‌ಬ್ರೇನ್‌ನ ಡ್ರಮ್ಮು ಪಕ್ಕದ ಕೋಣೆಯಲ್ಲಿ ಹೊಡೆದಂತಿದೆ ಎಂದು ದೂರುವವರಿದ್ದಾರೆ. ಹೌದು, ಹಾಗೇ ಇದೆ. ಮುಚ್ಚಿದ ಕೋಣೆಯಲ್ಲಿ ಕೂತವನ ಕಥೆಗೆ ಮುಚ್ಚಿದ ಕೋಣೆಯ ಸದ್ದೇ ಬೇಕು.

ಎಲ್ಲವನ್ನೂ ಸಮರ್ಥಿಸಲು ನಾನು ಹೊರಟಿಲ್ಲ. ‘ಲುಕ್ ಫಾರ್ ದ ಟ್ರೂತ್’ ಅಷ್ಟು ಉದ್ದ ಬೇಕಿರಲಿಲ್ಲ. ಹಾಡಿನ ಮೇಲೆ ಹಾಡು ಮೆಲ್ಲನೆಯ ಬಾಸಿನಿಂದ ಶುರುವಾಗುವುದು ನಾಲ್ಕನೆಯ ಸಲಕ್ಕೆ ಅಭ್ಯಾಸದಂತೆ ಕೇಳಿಸುತ್ತದೆ. ಬ್ಯಾಂಡಿನ ಗುರುತಾದ ಭೂತದಂಥ ಬೊಂಬೆ ಎಡ್ಡಿಯನ್ನು ಯಂತ್ರದಲ್ಲಿ ಸಿಕ್ಕಿಸಿ ಸೀಳುವ ಮುಖಪುಟ ನನಗೆ ಇವತ್ತಿಗೂ ಇಷ್ಟವಿಲ್ಲ. 1998ರಲ್ಲಿ ಇದೇ ತಂಡ ಮಾಡಿದ ‘ವರ್ಚುವಲ್ ಇಲೆವೆನ್’ ಪರವಾಗಿ ನಾನು ಮಾತಾಡುವುದಿಲ್ಲ. ಗಿಟಾರ್ ವಾದಕ ಡೇವ್ ಮರ್ರೆಯ ಹೆಸರು ‘ದಿ ಎಕ್ಸ್ ಫ್ಯಾಕ್ಟರ್’ನ ಒಂದು ಹಾಡಿನ ರಚನೆಯಲ್ಲೂ ಇಲ್ಲ ಎನ್ನುವುದು ಬೇಸರದ ಸಂಗತಿ. ಹನ್ನೊಂದರಲ್ಲಿ ಏಳು ಹಾಡಿಗೆ ಇನ್ನೊಬ್ಬ ಗಿಟಾರ್ ವಾದಕ ಯಾನಿಕ್ ಗರ್ಸ್ ಕೈ ಹಾಕಿದ್ದಾನೆ. ವೇದಿಕೆಯ ಮೇಲಿನ ಕುಣಿತಕ್ಕಷ್ಟೇ ಅವನನ್ನು ನೆನಪಿಟ್ಟುಕೊಂಡವರು ಇದನ್ನೂ ನೆನಪಿಡಬೇಕು.

2007ರ ಮಾರ್ಚ್ 17ರಂದು ಬೆಂಗಳೂರಿನ ಅರಮನೆ ಮೈದಾನಕ್ಕೆ ಮೇಡನ್ ಬಂದಾಗ ಸೋಮವಾರಪೇಟೆಯಿಂದ ಬಸ್ಸು ಹತ್ತಿ ಹೋಗಿದ್ದೆ. ವಿಶ್ವಕಪ್ಪಿನಲ್ಲಿ ಭಾರತ ಬಾಂಗ್ಲಾದೇಶಕ್ಕೆ ಸೋತ ದಿನವೂ ಅದೇ. ಮೈದಾನದಲ್ಲಿದ್ದ ನಮಗೆ ಅದರ ಗೊಡವೆಯೇ ಇರಲಿಲ್ಲ. ಈ ಆಲ್ಬಂನ ಒಂದೂ ಹಾಡು ಆ ರಾತ್ರಿ ಬರಲಿಲ್ಲ. ಆದರೂ ಹ್ಯಾರಿಸ್ ಬಾಸಿನ ಮೇಲೆ ಬೆರಳು ಓಡಿಸುವುದನ್ನು ಅಷ್ಟು ಹತ್ತಿರದಿಂದ ನೋಡುತ್ತಾ ನಿಂತಾಗ ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಬಿ ಬದಿಯ ಮೊದಲ ನಿಮಿಷ.

ಹೊಸದಾಗಿ ಕೇಳುವವರಿಗೂ ನಾನು ಹೇಳುವುದು ಅದನ್ನೇ. ಮೊದಲಿನಿಂದ ಶುರು ಮಾಡಬೇಡಿ, ಎಂಟನೆಯ ಹಾಡಿಗೆ ಹೋಗಿ. ‘ಬ್ಲಡ್ ಆನ್ ದ ವರ್ಲ್ಡ್ಸ್ ಹ್ಯಾಂಡ್ಸ್’ ತೆರೆಯುವುದೇ ಹ್ಯಾರಿಸ್ ಒಬ್ಬನೇ ನುಡಿಸುವ ಬಾಸಿನಿಂದ. ಆಮೇಲೆ ವಿಯೆಟ್ನಾಂ ಯುದ್ಧದ ಸಿನಿಮಾವೊಂದರಿಂದ ಹುಟ್ಟಿದ ‘ದಿ ಎಡ್ಜ್ ಆಫ್ ಡಾರ್ಕ್‌ನೆಸ್’, ಆಮೇಲೆ ‘ಟೂ ಎ.ಎಂ.’, ಕೊನೆಗೆ ಎಂಟು ನಿಮಿಷದ ‘ದಿ ಅನ್‌ಬಿಲೀವರ್’. ತಾಳ ಮುರಿದು ಮುರಿದು ಬರುವ ಆ ಕೊನೆಯ ಹಾಡಿಗೆ ಎರಡು ಮೂರು ಸಲವಾದರೂ ಅವಕಾಶ ಕೊಡಿ, ಮೊದಲ ಸಲಕ್ಕೆ ಅದು ಹಿಡಿತಕ್ಕೆ ಸಿಗುವುದಿಲ್ಲ. ಒಟ್ಟು ಇಪ್ಪತ್ತೇಳು ನಿಮಿಷದ ಕೆಲಸ. ಹೆಡ್‌ಫೋನಿನಲ್ಲಿ ಕೇಳಿ, ರಾತ್ರಿ ಕೇಳಿ.

ಅಕ್ಕನ ಮಗನಿಗೆ ಕಳೆದ ವಾರ ಈ ನಾಲ್ಕನ್ನೂ ಇದೇ ಕ್ರಮದಲ್ಲಿ ಕಳಿಸಿದ್ದೇನೆ. ನಿನ್ನೆ ಫೋನ್ ಮಾಡಿದ್ದ. ಮೂರನೆಯದಕ್ಕೆ ಬಂದಿದ್ದಾನಂತೆ. ನಾಲ್ಕನೆಯದು ಇನ್ನೂ ಹಾಕಿಲ್ಲ ಮಾಮ, ಮೂರನೆಯದನ್ನೇ ಕೇಳ್ತಿದ್ದೇನೆ ಎಂದ.